ಆಂಬುಲೆನ್ಸ್ ಬರೂತನಕ

"ಮೊಳಕೈ ಮಣಸಬ್ಯಾಡ್ರಿ!"

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಸಭಾಭವನದಲ್ಲಿ, ಪ್ರಥಮ ಚಿಕಿತ್ಸೆಯ ತರಬೇತಿಗೆಂದು, ಜಮಖಾನೆಯ ಮೇಲೆ ಮೊಣಕಾಲೂರಿ ಕೂತಿದ್ದೀರಿ. ಎದುರಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲದ ರಬ್ಬರ್ ಮನುಷ್ಯ. ಅವನ ಎದೆಯ ನಟ್ಟನಡುವೆ ನಿಮ್ಮ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ತೋಳಿನ ಬಲದಲ್ಲಿ ಒತ್ತಲು ಹೋಗಿದ್ದೀರಿ. ತರಬೇತಿ ಕೊಡುವ ಸಿಸ್ಟರ್ ಭುಜ ಹಿಡಿದು ನಿಮ್ಮನ್ನು ಮುಂದಕ್ಕೆ ಬಾಗಿಸುತ್ತಾರೆ. "ಮೈಭಾರ ಹಾಕ್ರಿ. ಎರಡಿಂಚ ಒಳಗ ಹೋಗ್ಬೇಕು." ಟಕ್ ಎಂದು ಸದ್ದಾಗುತ್ತದೆ. ಆಳ ಸರಿಹೋಯಿತು ಅಂತ ಅರ್ಥ.

ಒತ್ತುವಷ್ಟೇ ಮುಖ್ಯ, ಬಿಡುವುದು. ಎದೆ ಪೂರ್ತಿ ಮೇಲೆದ್ದರೆ ಮಾತ್ರ ಗುಂಡಿಗೆಯಲ್ಲಿ ರಕ್ತ ತುಂಬುತ್ತದೆ. ತುಂಬದ ಗುಂಡಿಗೆಯನ್ನು ಹಿಂಡಿ ಫಲವಿಲ್ಲ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಮೂವತ್ತಾದ ಮೇಲೆ ಬಾಯಿಂದ ಎರಡು ಉಸಿರು. ಉಸಿರು ಕೊಡಲು ಬಾರದವರು, ಒಲ್ಲದವರು, ಬರೀ ಒತ್ತುತ್ತ ಹೋದರೂ ಆದೀತು. ಜೋರಾಗಿ ಎಣಿಸುತ್ತೀರಿ. ಹತ್ತರ ತನಕ ಸರಾಗ. ಹನ್ನೊಂದಕ್ಕೆ ನಾಲಿಗೆ ಹಿಂದೆ ಬೀಳುತ್ತದೆ, ಇಪ್ಪತ್ತೇಳಕ್ಕೆ ಬರುವಷ್ಟರಲ್ಲಿ ಕೈ ನಾಲಿಗೆಗಾಗಿ ಕಾಯುತ್ತಿರುತ್ತದೆ. "ಹತ್ತರ ತನಕ ಮೂರು ಸರತಿ ಎಣಸ್ರಿ" ಅನ್ನುತ್ತಾರೆ ಸಿಸ್ಟರ್. ಎರಡು ನಿಮಿಷಕ್ಕೆ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತದೆ. ಈಗ ಪಕ್ಕದಲ್ಲಿರುವ ಬಸ್ ಕಂಡಕ್ಟರ್ ನಿಮ್ಮ ಜಾಗಕ್ಕೆ ಬರಬೇಕು, ನಡುವೆ ಲಯ ಮುರಿಯದಂತೆ. ಅವರ ಹಿಂದೆ ಪೊಲೀಸ್ ಪೇದೆ, ಇಬ್ಬರು ಆಶಾ ಕಾರ್ಯಕರ್ತೆಯರು, ಪೆಟ್ರೋಲ್ ಪಂಪಿನ ಹುಡುಗ, ಧಾಬಾ ಮಾಲೀಕ ಸರತಿಯಲ್ಲಿದ್ದಾರೆ.

ಈ ವಿದ್ಯೆ ತೀರ ಹಳೆಯದೇನಲ್ಲ. ನಿಂತ ಹೃದಯವನ್ನು ಎದೆ ಸೀಳದೆ, ಹೊರಗಿನಿಂದಲೇ ಒತ್ತಿ ರಕ್ತ ಓಡಿಸಬಹುದೆಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮೂವರು ಬರೆದದ್ದು 1960ರಲ್ಲಿ. ಅವರಲ್ಲಿ ಹಿರಿಯನಾದ ಕೌವೆನ್‌ಹೋವೆನ್ ವೈದ್ಯನೇ ಅಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಡಾಕ್ಟರಲ್ಲದವರು ಎದೆ ಮುಟ್ಟಬಹುದೇ ಎಂದು ಅಳುಕುವ ಧಾಬಾ ಮಾಲೀಕನಿಗೆ ಇದನ್ನು ಮೊದಲು ಹೇಳಬೇಕು.

"ಎಷ್ಟೊತ್ತು ಒತ್ತಬೇಕ್ರೀ?" ಪೇದೆ ಕೇಳುತ್ತಾನೆ.

"ಗಾಡಿ ಬರೂತನಕ."

ಉತ್ತರ ಸಣ್ಣದು, ದಾರಿ ದೊಡ್ಡದು. ಇಂಡಿಯಿಂದ ವಿಜಯಪುರ ಐವತ್ತು ಕಿಲೋಮೀಟರಿಗೂ ಹೆಚ್ಚು. ಮುದ್ದೇಬಿಹಾಳದಿಂದ ಇನ್ನೂ ದೂರ. 108ರ ಗಾಡಿ ರಾಜ್ಯಕ್ಕೆ ಬಂದದ್ದು 2008ರಲ್ಲಿ, ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಹೃದಯ ನಿಂತ ಮೇಲೆ ಯಾರೂ ಎದೆ ಒತ್ತದಿದ್ದರೆ ಬದುಕುವ ಆಸೆ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕರಗುತ್ತದೆ. ಗಾಡಿ ಎಷ್ಟೇ ವೇಗವಾಗಿ ಬಂದರೂ ಮೊದಲ ಐದು ನಿಮಿಷ ಪಕ್ಕದಲ್ಲಿ ನಿಂತವನದ್ದು.

ಚಹಾದ ಹೊತ್ತಿಗೆ ಮಾತು ಲಚ್ಯಾಣಕ್ಕೆ ಹೊರಳುತ್ತದೆ. ಇಂಡಿ ತಾಲೂಕಿನಲ್ಲಿ ಅದು ಹೊರಳದೆ ಇರುವುದಿಲ್ಲ. 2024ರ ಏಪ್ರಿಲ್ 3ರ ಸಂಜೆ ಅಲ್ಲಿ ಬಾಯಿ ಮುಚ್ಚದ ಕೊಳವೆಬಾವಿಗೆ ಇನ್ನೂ ಎರಡು ತುಂಬದ ಕೂಸು ತಲೆಕೆಳಗಾಗಿ ಬಿದ್ದಿತ್ತು. ಇಳಿಬಿಟ್ಟ ಕ್ಯಾಮೆರಾದಲ್ಲಿ ಪುಟ್ಟ ಕಾಲುಗಳು ಅಲುಗಾಡುವುದು ಕಾಣುತ್ತಿತ್ತು. ಪಕ್ಕದಲ್ಲೇ ಸಮಾನಾಂತರವಾಗಿ ಇಪ್ಪತ್ತಡಿಯ ಗುಂಡಿ ತೋಡುತ್ತಿರುವಾಗ ಪೈಪಿನಲ್ಲಿ ಆಕ್ಸಿಜನ್ ಇಳಿಯುತ್ತಲೇ ಇತ್ತು. ಕೆಳಗೆ ಕಲ್ಲು ಸಿಕ್ಕಿ ಕೆಲಸ ನಿಧಾನವಾಯಿತು. ಅಗ್ನಿಶಾಮಕ ದಳ, ಪೊಲೀಸರು, ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್, ರಾತ್ರಿಯಿಡೀ ದೀಪ. ಸುಮಾರು ಇಪ್ಪತ್ತು ತಾಸಿನ ಮೇಲೆ, ಮರುದಿನ ಮಧ್ಯಾಹ್ನ, ಕೂಸನ್ನು ಜೀವಂತವಾಗಿ ಎತ್ತಿ ನೇರ ಆಂಬುಲೆನ್ಸಿಗೆ ಒಯ್ದರು.

ಆ ಇಡೀ ರಾತ್ರಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಜೆಸಿಬಿ ಅಲ್ಲ, ಆ ಪೈಪು. ಹೊರತೆಗೆಯುವುದು ತಡವಾದರೂ ಉಸಿರು ತಡವಾಗಬಾರದು ಎಂಬ ವಿವೇಕ ಅದರಲ್ಲಿತ್ತು. ನಮ್ಮ ಜನ ಇದನ್ನು ತಿರುಗಿಸಿ ಮಾಡುತ್ತಾರೆ: ಬಿದ್ದವನನ್ನು ಮೊದಲು ಎತ್ತಿ ಜೀಪಿಗೆ ತುಂಬುತ್ತಾರೆ, ಉಸಿರಿದೆಯೇ ಎಂದು ದಾರಿಯಲ್ಲಿ ನೋಡುತ್ತಾರೆ.

ತರಬೇತಿ ಸಿಂದಗಿಗೆ ಬಂದಾಗ ಪಾಠ ಹಾವಿನದು. ಇಲ್ಲಿ ಪ್ರಶ್ನೆಗಳು ಮುಗಿಯುವುದೇ ಇಲ್ಲ; ತೊಗರಿ, ಕಬ್ಬು, ಹತ್ತಿ ಹೊಲಗಳಲ್ಲಿ ರಾತ್ರಿ ನೀರು ಹಾಯಿಸುವವರೇ ಎದುರಿಗೆ ಕೂತಿದ್ದಾರೆ. ನಿಮ್ಮನ್ನು ಕಚ್ಚಿಸಿಕೊಂಡವರೆಂದು ನೆಲಕ್ಕೆ ಮಲಗಿಸುತ್ತಾರೆ. ಒಬ್ಬ ಹಿರಿಯ ತಟ್ಟನೆ ತಲೆಯ ಟವೆಲ್ ಬಿಚ್ಚಿ ನಿಮ್ಮ ಮೀನಖಂಡಕ್ಕೆ ಬಿಗಿಯತೊಡಗುತ್ತಾನೆ.

"ಕಾಕಾ, ಅದನ್ನ ಬಿಡ್ರಿ. ರಕ್ತ ನಿಂತ್ರ ಕಾಲು ಹೋಗ್ತದ."

"ಕಟ್ಟಲಿಲ್ಲಂದ್ರ ಇಸಾ ಏರಂಗಿಲ್ಲೇನು?"

ಬಿಗಿದರೆ ವಿಷ ನಿಲ್ಲದು. ಕೊಯ್ಯಬಾರದು, ಹೀರಬಾರದು, ಓಡಿಸಬಾರದು. ಕಾಲುಂಗುರ, ಬಳೆ ತೆಗೆಯಬೇಕು, ಬಾವು ಬಂದ ಮೇಲೆ ಬರುವುದಿಲ್ಲ. ಮುರಿದ ಕಾಲಿಗೆ ಕಟ್ಟುವಂತೆ ಕೋಲು ಕೊಟ್ಟು ಅಲುಗಾಡದ ಹಾಗೆ ಮಾಡಬೇಕು, ಕಚ್ಚಿದ ಹೊತ್ತು ನೆನಪಿಡಬೇಕು. ಊರವರು ಆಗಲೇ ಬಿಗಿದು ಕಟ್ಟಿದ್ದರೆ ದಾರಿಯಲ್ಲಿ ಒಮ್ಮೆಲೇ ಬಿಚ್ಚಲೂ ಬಾರದು, ಅದು ಡಾಕ್ಟರ ಕೆಲಸ. ಅವರು ಎರಡು ಎಂಎಲ್ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷವೆಂಬ ಅನುಮಾನ ಗಟ್ಟಿಯಾಗುತ್ತದೆ. ಕಟ್ಟುಹಾವಿನ ಕಡಿತ ಇನ್ನೂ ಮೋಸದ್ದು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ, ನೋವಿಲ್ಲ, ಗುರುತೂ ಕಾಣದೇ ಹೋಗಬಹುದು. ಬೆಳಿಗ್ಗೆ ಹೊಟ್ಟೆನೋವೆಂದು ಎದ್ದವರ ರೆಪ್ಪೆ ತಾನಾಗಿ ಇಳಿಯುತ್ತಿದ್ದರೆ ಹೊರಡಬೇಕಾದ್ದು ಆಸ್ಪತ್ರೆಗೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಿರಿಯ ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತಾನೆ. ಒಪ್ಪಿದನೋ ಇಲ್ಲವೋ ಮುಖ ಹೇಳುವುದಿಲ್ಲ.

ಮುದ್ದೇಬಿಹಾಳದಲ್ಲಿ ಕೃಷ್ಣೆಯ ಹಿನ್ನೀರಿದೆ, ಆದ್ದರಿಂದ ಮುಳುಗಿದವರ ಪಾಠ. ಹೊಟ್ಟೆ ಒತ್ತಿ ನೀರು ತೆಗೆಯಬಾರದು. ಇವರಿಗೆ ಮೊದಲು ಬೇಕಾದದ್ದು ಬಾಯಿಂದ ಉಸಿರು, ಆಮೇಲೆ ಎದೆ ಒತ್ತುವುದು. ಅಷ್ಟು ತಿಳಿದರೆ ಅರ್ಧ ಗೆದ್ದಂತೆ.

ಬಸವನ ಬಾಗೇವಾಡಿಯಲ್ಲಿ ಹೆದ್ದಾರಿಯ ಪಾಠ. ಮನಗೂಳಿ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಬ್ಬಿನ ಹಂಗಾಮಿಗೆ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರುಗಳು ಸಾಲುಗಟ್ಟುತ್ತವೆ. ಒಬ್ಬ ಹುಡುಗನ ತೊಡೆಗೆ ಕುಂಕುಮದ ನೀರು ಸುರಿದು ಗಾಯಾಳು ಮಾಡಿದ್ದಾರೆ. ನೀವು ಮಡಿಚಿದ ಬಟ್ಟೆ ಇಟ್ಟು ಎರಡೂ ಕೈಯಿಂದ ಅದುಮುತ್ತೀರಿ. ತೊಯ್ದಿತೆಂದು ಅದನ್ನು ಕಿತ್ತು ನೋಡುವಂತಿಲ್ಲ, ಮೇಲೆ ಇನ್ನೊಂದಿಟ್ಟು ಒತ್ತಬೇಕು. ಹೆಲ್ಮೆಟ್ಟು ಎಳೆಯುವಂತಿಲ್ಲ, ಕುತ್ತಿಗೆ ತಿರುವುವಂತಿಲ್ಲ. "ಯಾರಾದ್ರೂ ಫೋನ್ ಹಚ್ರಿ" ಎಂದು ಕೂಗುತ್ತೀರಿ. ಯಾರೂ ಕದಲುವುದಿಲ್ಲ. ಸಿಸ್ಟರ್ ತಿದ್ದುತ್ತಾರೆ: ಬೆರಳು ಮಾಡಿ ತೋರಿಸ್ರಿ, ನೀಲಿ ಅಂಗಿಯವರ, ನೀವ 108ಕ್ಕ ಹಚ್ರಿ, ಕಿಲೋಮೀಟರ್ ಕಲ್ಲಿನ ನಂಬರ ಹೇಳ್ರಿ.

ಹಿಂದಿನ ಸಾಲಿನಿಂದ ಒಬ್ಬ ಕಂಡಕ್ಟರ್ ಕೈ ಎತ್ತುತ್ತಾರೆ. "ಆಮ್ಯಾಲೆ ಕೋರ್ಟ್‌ಗೆ ಅಡ್ಡಾಡೋರು ಯಾರ್ರೀ?" ಉತ್ತರ ಸಿದ್ಧವಿದೆ: 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ. ನೆರವಾದವನ ಮೇಲೆ ಕೇಸಿಲ್ಲ, ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ. ಕಂಡಕ್ಟರ್ ಕೂಡುವುದಿಲ್ಲ.

"ಅದು ಖರೆ ಅದರೀ. ಆದ್ರ ಬಸ್ಸಿನ್ಯಾಗ ಐವತ್ತು ಮಂದಿ ಕುಂತಿರ್ತಾರ. ಅರ್ಧ ತಾಸು ತಡ ಆತು ಅಂದ್ರ ಡಿಪೋದಾಗ ಏನ್ ಬರಸಲಿ?"

ಸಿಸ್ಟರ್ ಪಕ್ಕದ ಅಧಿಕಾರಿಯ ಮುಖ ನೋಡುತ್ತಾರೆ. ಅಧಿಕಾರಿ ಡೈರಿ ತೆಗೆದು ಪ್ರಶ್ನೆ ಬರೆದುಕೊಳ್ಳುತ್ತಾರೆ. "ಮುಂದಿನ ಐದು ಮಂದಿ ಬರ್ರಿ" ಎನ್ನುತ್ತಾರೆ ಸಿಸ್ಟರ್.