ಗೋಗಿಯ ಗೋರಿಗಳ ಬಳಿ

ಯಾದಗಿರಿಯಲ್ಲಿ ರೈಲಿನಿಂದಿಳಿದು, ಭೀಮಾನದಿಯನ್ನು ದಾಟಿ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟಸಾಲನ್ನು ನೋಡುತ್ತ ನಾವು ಗೋಗಿಯನ್ನು ಸೇರಿದೆವು. ಹತ್ತಿ ತೊಗರಿಗಳ ಹೊಲಗಳ ನಡುವಣ ಈ ಗ್ರಾಮದ ಹೆಸರನ್ನು ದೂರದವರು ಕೇಳಿರುವುದು ಕಡಮೆ. ಆದರೆ ಬಿಜಾಪುರದ ಆದಿಲಶಾಹಿ ವಂಶದ ಮೊದಲ ನಾಲ್ವರು ಅರಸರು ಚಿರನಿದ್ರೆಯಲ್ಲಿರುವುದು ಬಿಜಾಪುರದಲ್ಲಲ್ಲ, ಇಲ್ಲಿ. ಚಂದಾ ಹುಸೇನಿ ಎಂಬ ಸಂತರ ದರ್ಗಾದ ಸನ್ನಿಧಿಯಲ್ಲಿ ಯೂಸುಫ್, ಇಸ್ಮಾಯಿಲ್, ಮಲ್ಲು, ಇಬ್ರಾಹಿಂ ಇವರ ಗೋರಿಗಳಿವೆ. ಗೋಲಗುಂಬಜವನ್ನು ಕಂಡ ಕಣ್ಣಿಗೆ ಇವು ಬಹು ಸಾಮಾನ್ಯವಾಗಿ ತೋರುವುವು. ಸಂತರ ಪಾದದ ಬಳಿ ಆಡಂಬರವೇತಕ್ಕೆಂದು ಅವರು ಭಾವಿಸಿದ್ದರೇನೋ!

ಇಸ್ಮಾಯಿಲನು 1534ರಲ್ಲಿ, ಇಂದು ತೆಲಂಗಾಣಕ್ಕೆ ಸೇರಿರುವ ಕೋಯಿಲಕೊಂಡದ ಮುತ್ತಿಗೆಯ ಕಾಲದಲ್ಲಿ ಜ್ವರದಿಂದ ಮಡಿದನು. ಅವನ ಕಳೇಬರವನ್ನು ತಂದೆಯ ಮಗ್ಗುಲಲ್ಲಿ ಹೂಳಲೆಂದು ಇಷ್ಟು ದೂರ ಹೊತ್ತು ತಂದರು. ಮಲ್ಲುವನ್ನು ಕೆಲವೇ ತಿಂಗಳಲ್ಲಿ ಪದಚ್ಯುತನನ್ನಾಗಿಸಿ ಕಣ್ಣು ಕೀಳಿಸಿದರು. 1558ರಲ್ಲಿ ತೀರಿಕೊಂಡ ಇಬ್ರಾಹಿಮನ ಕಥೆಯನ್ನು ಇತಿಹಾಸಕಾರನಾದ ಫಿರಿಶ್ತಾ ಬರೆದಿದ್ದಾನೆ: ತನ್ನ ರೋಗವನ್ನು ಗುಣಪಡಿಸಲಾರದ ವೈದ್ಯರಲ್ಲಿ ಹಲವರನ್ನು ಅರಸನು ಕೊಲ್ಲಿಸಿದನಂತೆ, ಉಳಿದವರು ರಾಜ್ಯವನ್ನೇ ಬಿಟ್ಟು ಓಡಿದರಂತೆ. ಆ ವೈದ್ಯರನ್ನು ನೆನೆದು ನಮಗೆ ಮರುಕವಾಯಿತು. ದೇಹದೊಳಗೆ ನಡೆದುದೇನೆಂದು ಹೊರಗಿನಿಂದ ತಿಳಿಯುವುದು ಬದುಕಿದ್ದಾಗಲೇ ಕಷ್ಟ. ಸತ್ತು ಕೊಳೆತ ಮೇಲೆ ಹೇಗೆ?

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ಮಾತೇ ಎಂದು ವಾಚಕರು ಮುನಿಯಬಾರದು; ನಮ್ಮ ಹಿರಿಯರು ಇದಕ್ಕೆ ಹೇಸಿದವರಲ್ಲ. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಆಶುಮೃತಕಪರೀಕ್ಷೆಯೆಂಬ ಅಧ್ಯಾಯವಿದೆ. ಹಠಾತ್ತಾಗಿ ಸತ್ತವನ ಶರೀರಕ್ಕೆ ಎಣ್ಣೆ ಬಳಿದು ನೋಡಬೇಕು; ಕೈಕಾಲು, ಹಲ್ಲು, ಉಗುರುಗಳು ಕಪ್ಪಿಟ್ಟು, ಮಾಂಸ ರೋಮ ಚರ್ಮಗಳು ಸಡಿಲವಾಗಿ, ಬಾಯಲ್ಲಿ ನೊರೆಯಿದ್ದರೆ ವಿಷವೆಂದು ತಿಳಿಯಬೇಕು; ಹೃದಯದಿಂದ ತೆಗೆದುದನ್ನು ಅಗ್ನಿಗೆ ಹಾಕಿದಾಗ ಚಿಟಚಿಟನೆ ಸಿಡಿದು ಕಾಮನಬಿಲ್ಲಿನ ಬಣ್ಣ ತೋರಿದರೂ ವಿಷವೇ ಎಂದು ಕೌಟಿಲ್ಯನ ಮತ. ಆದರೆ ಒಂದು ತೊಡಕಿದೆ. ಶವ ಕೊಳೆಯತೊಡಗಿದರೆ ವಿಷವಿಲ್ಲದಿದ್ದರೂ ಚರ್ಮ ಕಪ್ಪಾಗುವುದು, ಕೂದಲು ಕಿತ್ತು ಬರುವುದು, ಬಾಯಿಂದ ನೊರೆ ಹೊರಡುವುದು. ಕಣ್ಣನ್ನೇ ನಂಬಿದ ಪರೀಕ್ಷಕನು ಇಲ್ಲಿ ಮೋಸಹೋಗುವನು.

ಇಂದಿನ ಪರೀಕ್ಷಕರು ಕಣ್ಣನ್ನೇ ನಂಬಿ ಕೂಡುವವರಲ್ಲ. ಶವಪರೀಕ್ಷೆ ಮಾಡಿದ ವೈದ್ಯರು ಜಠರ, ಯಕೃತ್ತು, ಮೂತ್ರಪಿಂಡಗಳ ತುಣುಕುಗಳನ್ನು ಕರಗುವಷ್ಟೂ ಉಪ್ಪು ಕರಗಿಸಿದ ನೀರಿನಲ್ಲಿಟ್ಟು ಮೊಹರು ಮಾಡಿ ಕಳಿಸುವರು. ಅದು ಅಡಿಗೆಮನೆಯ ಉಪ್ಪೇ! ನಮ್ಮ ಸೀಮೆಯವು ಕಲಬುರಗಿಯ ಪ್ರಾದೇಶಿಕ ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೋ ಬೆಂಗಳೂರಿಗೋ ಹೋಗುವುವು. ರಕ್ತ ಉಳಿಯದಿದ್ದರೆ ಎಲುಬಿನ ಮಜ್ಜೆ, ಕೂದಲು, ಉಗುರು. ಅವೂ ಸಾಲದಿದ್ದರೆ ಶವವನ್ನು ತಿಂದ ಹುಳುಗಳು. ಸತ್ತವನು ನುಂಗಿದ ಔಷಧದ ಅಂಶ ಆ ಹುಳುಗಳ ಮೈಯಲ್ಲಿಯೂ ಸಿಕ್ಕುವುದುಂಟು. ಆದರೂ ಎಚ್ಚರ ಬೇಕು. ಕೊಳೆಯುವಾಗ ಸೂಕ್ಷ್ಮಜೀವಿಗಳು ತಾವಾಗಿಯೇ ಮದ್ಯಸಾರವನ್ನು ಹುಟ್ಟಿಸುವುವು. ಆಯುಷ್ಯವೆಲ್ಲ ಮದ್ಯವನ್ನು ಮುಟ್ಟದವನ ಕಳೇಬರದಲ್ಲಿಯೂ ಅದು ತೋರಬಹುದು. ಕೆಲವು ಔಷಧಗಳನ್ನಂತೂ ಅವು ತಿಂದು ಅಳಿಸಿಬಿಡುವುವು.

ಪಾಷಾಣ ಮಾತ್ರ ಹಾಗೆ ಅಳಿಯುವುದಲ್ಲ. ಆರ್ಸೆನಿಕ್ ಮೂಲವಸ್ತುವಾದುದರಿಂದ ಮಾಂಸವು ಮಣ್ಣಾದ ಮೇಲೂ ಕೂದಲಲ್ಲಿ, ಎಲುಬಿನಲ್ಲಿ ಉಳಿದಿರುವುದು. 1836ರಲ್ಲಿ ಮಾರ್ಷ್ ಎಂಬ ಆಂಗ್ಲ ರಸಾಯನಜ್ಞನು ಅದನ್ನು ಅನಿಲವಾಗಿ ಎಬ್ಬಿಸಿ, ಗಾಜಿನ ಮೇಲೆ ಕನ್ನಡಿಯಂಥ ಕಪ್ಪು ಲೇಪವಾಗಿ ಕಾಣಿಸುವ ವಿಧಾನವನ್ನು ಪ್ರಕಟಿಸಿದನು. 1840ರಲ್ಲಿ ಫ್ರಾನ್ಸಿನ ಲಫಾರ್ಜ್ ಮೊಕದ್ದಮೆಯಲ್ಲಿ, ಗೋರಿಯಿಂದ ತೆಗೆದ ಗಂಡನ ಶರೀರದಲ್ಲಿ ಆರ್ಫಿಲಾ ಎಂಬ ಪಂಡಿತನು ಅದನ್ನು ಕಂಡುದರಿಂದ ಹೆಂಡತಿಗೆ ಶಿಕ್ಷೆಯಾಯಿತು. ಆಗ ಎದ್ದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಆ ಪಾಷಾಣ ಮನುಷ್ಯನ ಕೈಯಿಂದ ಬಂದುದೋ, ಮಣ್ಣಿನಿಂದ ಬಂದುದೋ? ಅದಕ್ಕಾಗಿಯೇ ದಂಡಾಧಿಕಾರಿಯ ಆಜ್ಞೆ ಪಡೆದು ಹೂತ ಶವವನ್ನು ತೆಗೆಯುವಾಗ ಅದರ ಮೇಲಿನ, ಕೆಳಗಿನ, ಬದಿಯ ಮಣ್ಣನ್ನೂ, ದೂರದ ಮಣ್ಣನ್ನೂ ತೆಗೆದಿಡಬೇಕೆಂಬ ನಿಯಮವಿದೆ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. ನೆರೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ, ಮಂಗಳೂರೆಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ನೆರೆಯಲ್ಲಿದೆ; ಇದು ಕಡಲತೀರದ ಮಂಗಳೂರಲ್ಲ. ಆ ತಾಂಡಾದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇದ್ದುದು, ಕುಡಿದವರ ಅಂಗೈ ಅಂಗಾಲುಗಳು ಗಂಟುಗಟ್ಟಿದುದು, ಕೆಲವರಿಗೆ ಚರ್ಮದ ಅರ್ಬುದ ತಗಲಿದುದು ಈ ಶತಮಾನದಲ್ಲಿಯೇ ಬೆಳಕಿಗೆ ಬಂದಿತು. 2013ರಲ್ಲಿ ಇದರ ಬಗೆಗೆ ಶಾಸ್ತ್ರೀಯ ಪ್ರಬಂಧವೂ ಪ್ರಕಟವಾಯಿತು. ಕುಡಿಯುವ ನೀರಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವನೊಬ್ಬನು ಸತ್ತು, ಮನೆಯಲ್ಲಿ ಮೊದಲೇ ಜಗಳವಿದ್ದು, ಆರು ತಿಂಗಳ ತರುವಾಯ ಗೋರಿಯನ್ನು ಅಗೆದರೆಂದು ಊಹಿಸಿರಿ. ಕೂದಲಲ್ಲಿ ಪಾಷಾಣ ಸಿಕ್ಕೇ ಸಿಕ್ಕುವುದು. ಬಾವಿ ಮಾಡಿದ ತಪ್ಪಿಗೆ ಸೊಸೆ ಸೆರೆಮನೆಗೆ ಹೋಗಬೇಕೆ? ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ದಿನನಿತ್ಯ ಕುಡಿದುದು ಅದರ ಉದ್ದಕ್ಕೂ ಹರಡಿರುವುದು, ಒಮ್ಮೆ ಉಣಿಸಿದುದು ಒಂದೆಡೆ ಪಟ್ಟೆಯಾಗಿ ನಿಲ್ಲುವುದು. ಬಲ್ಲ ಪರೀಕ್ಷಕನು ಈ ಭೇದವನ್ನು ಅರಸುವನು. ನೆರೆಹೊರೆಯವರ ಕೂದಲನ್ನೂ ಊರ ನೀರನ್ನೂ ತರಿಸಿ ಹೋಲಿಸುವನು. ಆದರೆ ಮಣ್ಣಿನ ನೀರು ಇಳಿದು ನೆನೆದ ಕೂದಲಿನಲ್ಲಿ ಈ ಭೇದ ಮಸುಕಾಗುವುದೂ ಉಂಟು. ಆಗ ತಿಳಿಯದೆಂದು ಬರೆಯುವ ಧೈರ್ಯ ಅವನಿಗಿರಬೇಕು. ಗೋಗಿಯ ವೈದ್ಯರಸನಂಥ ಯಜಮಾನನಿದ್ದರೆ ಆ ಧೈರ್ಯ ಬರುವುದೆಂತು?

ಗೋಗಿಯ ನೆಲವೂ ಸಾಧುವಲ್ಲ. ಇಲ್ಲಿಯ ಸುಣ್ಣಕಲ್ಲು, ಕಣಶಿಲೆಗಳ ಬಿರುಕಿನಲ್ಲಿ ಯುರೇನಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯದವರು ಶೋಧಿಸಿದ್ದಾರೆ. ಗಣಿಯ ಪ್ರಸ್ತಾಪ ಬಂದಾಗ ಊರವರು ವಿರೋಧಿಸಿದರು. ದೇಹವನ್ನು ಹೊಕ್ಕ ಯುರೇನಿಯಂ ಕೂಡ ಮೂತ್ರಪಿಂಡದಲ್ಲಿ, ಎಲುಬಿನಲ್ಲಿ ನೆಲೆಸತಕ್ಕದ್ದು.

ದರ್ಗಾದ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆವು.

“ಬಾಟ್ಲ್ಯಾಗ ನೀರು ತುಂಬ್ಕೊಂಡು ಭಾಳ ಸಲ ಒಯ್ದಾರ್ರಿ ಮಾಸ್ತರ್ರ,” ಎಂದರು. “ಅದ್ರಾಗ ಏನು ಸಿಕ್ತು ಅಂತ ಹೇಳಾಕ ಮಾತ್ರ ಯಾರೂ ಹೊಳ್ಳಿ ಬಂದಿಲ್ರಿ.”

ಬಳಿಕ ನಮಗಾಗಿ ಒಳಗಿನಿಂದ ತಂಬಿಗೆ ತರಿಸಿದರು. ನಾವು ಒಂದು ಕ್ಷಣ ತಡೆದುದನ್ನು ಕಂಡು ನಕ್ಕರು. “ಕುಡೀರಿ, ಕುಡೀರಿ. ಇದು ನಳದ್ದರಿ.”