ಉಳಿಯ ಗುರುತಿಲ್ಲದ ಕಲ್ಲುಗಳು

ಡಿಸೆಂಬರ್ ತಿಂಗಳು ಬಂತೆಂದರೆ ಹೈಸ್ಕೂಲು ಮೇಷ್ಟರುಗಳ ಹೆಗಲಿಗೆ ಒಂದು ಹೊಸ ಹೊಣೆ ಏರುತ್ತದೆ. ಅದೇ ಶೈಕ್ಷಣಿಕ ಪ್ರವಾಸ. ಬಸ್ಸು ಗೊತ್ತುಮಾಡುವುದು, ಮೇಲಿನವರ ಅನುಮತಿ ಪಡೆಯುವುದು, ತಂಗಲು ಜಾಗ ನೋಡುವುದು ಇವೆಲ್ಲ ಹೇಗೋ ಆಗಿಬಿಡುತ್ತವೆ. ಕಷ್ಟವಿರುವುದು ಒಪ್ಪಿಗೆ ಪತ್ರಕ್ಕೆ ತಂದೆತಾಯಿಯರ ಸಹಿ ಹಾಕಿಸುವುದರಲ್ಲಿ. ಅದರಲ್ಲೂ ಪ್ರವಾಸದ ಪಟ್ಟಿಯಲ್ಲಿ ಸಮುದ್ರ ಎಂಬ ಮಾತಿದ್ದರೆ ಮುಗಿದೇಹೋಯಿತು.

ಅವರ ಭಯಕ್ಕೆ ಕಾರಣವಿಲ್ಲದಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲಿ, ಕೇರಳದಿಂದ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ನೀರುಪಾಲಾಗಿದ್ದರು. ನಾನು ನಮ್ಮ ಕವಲಂದೆಯ ಮಕ್ಕಳನ್ನು ಕರೆದೊಯ್ಯಬೇಕೆಂದು ಹಟ ಹಿಡಿದಿದ್ದು ಅದೇ ದ್ವೀಪಕ್ಕೆ. ಮುರುಡೇಶ್ವರದ ದುರಂತದ ಬಳಿಕ ನಾವು ಕೈಗೊಂಡ ಮೊದಲ ಕಡಲ ಪ್ರವಾಸವದು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಂದೆ ಒಪ್ಪಿಗೆ ಪತ್ರ ಹಿಡಿದು ಶಾಲೆಗೇ ಬಂದ. ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವ ಮನುಷ್ಯ. ಅಂಗೈ ತುಂಬ ಗಂಟುಗಳು. ಪತ್ರವನ್ನು ಮೇಜಿನ ಮೇಲಿಟ್ಟು, "ಅಲ್ಲೇನೈತೆ ಮೇಷ್ಟ್ರೆ?" ಎಂದು ಕೇಳಿದ.

"ಕಲ್ಲಿನ ಕಂಬಗಳಿವೆ ಕಣಪ್ಪಾ. ನಿಸರ್ಗವೇ ಮಾಡಿದ್ದು. ನಮ್ಮ ದೇಶದಲ್ಲೇ ಅಪರೂಪ" ಎಂದೆ.

"ಕಲ್ಲ ನೋಡಕೆ ಅಷ್ಟ್ ದೂರ ಯಾಕ್ ಹೋಗ್ಬೇಕು? ನಾನ್ ದಿನಾ ಒಡೆಯೋದು ಕಲ್ಲೇಯ. ಟೀವೀಲಿ ನೋಡಿದ್ದೀನಿ ಸಾ, ಸಮುದ್ರ ಮಕ್ಕಳ್ನ ವಾಪಸ್ ಕೊಡಕಿಲ್ಲ."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊನೆಗೆ, "ನೀರಿಗೆ ಇಳಿಸೋದಿಲ್ಲ. ನಿನ್ನ ಮಗಳನ್ನ ನಾನೇ ಕರ್ಕೊಂಡು ಹೋಗಿ ನಾನೇ ಕರ್ಕೊಂಡು ಬರ್ತೀನಿ" ಎಂದೆ. ಆತ ಸಹಿ ಹಾಕಿದ. ಆದರೆ ಅವನ ಕಲ್ಲಿನ ಪ್ರಶ್ನೆ ನನ್ನಲ್ಲೇ ಉಳಿಯಿತು.

ಬೆಳಗಿನ ಜಾವ ಕವಲಂದೆ ಬಿಟ್ಟು, ನಂಜನಗೂಡು, ಮೈಸೂರು ದಾಟಿ, ಧರ್ಮಸ್ಥಳದಲ್ಲಿ ರಾತ್ರಿ ಕಳೆದು, ಮರುದಿನ ಹತ್ತು ಗಂಟೆಯ ಹೊತ್ತಿಗೆ ಮಲ್ಪೆ ಸೇರಿದೆವು. 44 ಮಕ್ಕಳು, ನಾವು ನಾಲ್ವರು ಉಪಾಧ್ಯಾಯರು. ಬಂದರಿನ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡಿದ್ದ ಮಕ್ಕಳು, ಸಾಲಾಗಿ ನಿಂತ ಬಣ್ಣಬಣ್ಣದ ಮೀನುಗಾರಿಕೆ ದೋಣಿಗಳನ್ನು ಕಂಡ ಮೇಲೆ ಮೂಗಿನಿಂದ ಕೈ ತೆಗೆದರು. ಅವರಲ್ಲಿ ಬಹುತೇಕರು ಅಲ್ಲಿಯವರೆಗೆ ಕಂಡಿದ್ದ ಅತಿ ದೊಡ್ಡ ನೀರೆಂದರೆ ಕಬಿನಿ ಜಲಾಶಯ.

ಮಲ್ಪೆಯಿಂದ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರ್, ಅರ್ಧ ಗಂಟೆಯ ದೋಣಿ ಪ್ರಯಾಣ. ಮಳೆಗಾಲದಲ್ಲಿ ಈ ಸಂಚಾರ ನಿಂತಿರುತ್ತದೆ. ದೋಣಿಯಲ್ಲಿ ನಮಗೊಬ್ಬ ಮಾರ್ಗದರ್ಶಿ ಸಿಕ್ಕ. ಕರಾವಳಿಯ ಯುವಕ, ಹಸನ್ಮುಖಿ. "ಮಕ್ಕಳೇ, ಬದಿಗೆ ಬಗ್ಗಬೇಡಿ ಆಯ್ತಾ? ಜಾಕೆಟಿನ ಗುಂಡಿ ಬಿಚ್ಚಬೇಡಿ. ಅಲ್ಲಿ ಕಲ್ಲಿನ ಮೇಲೆ ಪಾಚಿ ಉಂಟು, ಹುಷಾರಿ" ಎಂದು ಶುರುಮಾಡಿ, ಇದು ಒಂದೇ ದ್ವೀಪವಲ್ಲ, ದ್ವೀಪಗಳ ಗುಂಪು, ನಾವು ಇಳಿಯುವುದು ತೆಂಗಿನ ಮರಗಳಿರುವ ದ್ವೀಪಕ್ಕೆ, ಅದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ ಎಂದೆಲ್ಲ ಹೇಳಿದ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು, ಶಿಲುಬೆ ನೆಟ್ಟು, ಮೇರಿ ಮಾತೆಯ ಹೆಸರಿಟ್ಟನೆಂಬ ಕಥೆಯನ್ನು ಮಕ್ಕಳು ಬಾಯಿಬಿಟ್ಟು ಕೇಳಿದರು. ಕಲ್ಲುಗಳ ವಿಷಯಕ್ಕೆ ಬಂದಾಗ, "ಲಾವಾ ತಣ್ಣಗಾಗಿ ಆದದ್ದು" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಅವನದು ತಪ್ಪಲ್ಲ. ದಿನಕ್ಕೆ ಹಲವು ಸಲ ಹೇಳುವವನು ಅಷ್ಟೇ ಹೇಳಬಲ್ಲ. ಮಿಕ್ಕಿದ್ದು ನನ್ನ ಕೆಲಸ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷಗಳಲ್ಲಿ ನಾನು ಮೊದಲ ಸಲ ಈ ದ್ವೀಪಕ್ಕೆ ಮಕ್ಕಳೊಂದಿಗೆ ಬಂದಿದ್ದೆ. ಆಗ, ಇದು ಮಹಾರಾಷ್ಟ್ರವನ್ನೆಲ್ಲ ಆವರಿಸಿರುವ ದಖ್ಖನ್ ಲಾವಾದ ಬಸಾಲ್ಟ್ ಕಲ್ಲು ಎಂದು ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಅದನ್ನೇ ಹಲವಾರು ವರ್ಷ ತರಗತಿಯಲ್ಲೂ ಹೇಳಿದೆ. ಆಮೇಲೆ ಓದಿ ತಿಳಿದಾಗ ನಾಚಿಕೆಯಾಯಿತು. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಈ ದ್ವೀಪದ ಕಲ್ಲು ಅದಕ್ಕಿಂತ ಹಳೆಯದು, ಸುಮಾರು 8.8 ಕೋಟಿ ವರ್ಷದ್ದು. ಜಾತಿಯೂ ಬೇರೆ. ಬಸಾಲ್ಟಿಗಿಂತ ಸಿಲಿಕಾ ಅಂಶ ಹೆಚ್ಚಾಗಿರುವ ಇದನ್ನು ಭೂವಿಜ್ಞಾನಿಗಳು ರಯೋಲೈಟ್, ಡೇಸೈಟ್ ಗುಂಪಿಗೆ ಸೇರಿಸುತ್ತಾರೆ. ಆ ಕಾಲದಲ್ಲಿ ಇಂಡಿಯಾ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರ್ಪಡುವಾಗ ಭೂಮಿ ಸೀಳಿ ಹೊರಬಂದ ಶಿಲಾರಸವೇ ಈ ದ್ವೀಪ. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹುಡುಕಿಕೊಂಡು ಹೋಗಿ ತಿದ್ದಲು ಆಗುವುದಿಲ್ಲವಲ್ಲ! ಈ ಮಕ್ಕಳಿಗಾದರೂ ಸರಿಯಾಗಿ ಹೇಳಬೇಕು ಎಂಬುದೇ ನನ್ನ ಹಟದ ಒಳಗುಟ್ಟು.

ದ್ವೀಪ ದೊಡ್ಡದೇನಲ್ಲ. ಉದ್ದ ಸುಮಾರು ಅರ್ಧ ಕಿಲೋಮೀಟರ್. ಮೇಲೆ ತೆಂಗಿನ ಮರಗಳ ನೆರಳು, ಅಂಚಿನಲ್ಲಿ ಚಿಪ್ಪುಗಳೇ ತುಂಬಿದ ಬಿಳಿಯ ದಂಡೆ, ಮೇಲೆ ಸುತ್ತುವ ಗರುಡ. ಕಂಬಗಳ ಕಡೆಗೆ ಹೋದರೆ ಯಾರೋ ಅಳತೆ ಹಿಡಿದು ಕಡೆದು ಜೋಡಿಸಿಟ್ಟಂತೆ ಸಾಲುಸಾಲು ಕಲ್ಲು. ಕೆಲವು ಆರು ಮೀಟರಿನವರೆಗೂ ಎತ್ತರ. ಕೆಲವು ನೆಟ್ಟಗೆ, ಕೆಲವು ಓರೆ. ಇನ್ನು ಕೆಲವು ಕಡೆ ಕಂಬದ ತಲೆ ಮಾತ್ರ ಕಾಣುತ್ತದೆ, ದೇವಸ್ಥಾನದ ಪ್ರಾಂಗಣಕ್ಕೆ ಹಾಸಿದ ಕಲ್ಲುಚಪ್ಪಡಿಯ ಹಾಗೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚೂರು ಕಲ್ಲನ್ನೂ ಎತ್ತಿಕೊಂಡು ಬರುವಂತಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಕೈಗೊಂದು ದಾರ, ಒಂದು ನೋಟ್‌ಬುಕ್ಕು ಕೊಟ್ಟು, ಕಂಬಗಳ ಮೂಲೆ ಎಣಿಸಿ, ಸುತ್ತಳತೆ ತೆಗೆಯಿರಿ ಎಂದೆ. ನೀರಿನ ಕಡೆ ಹೋಗದಂತೆ ನಾವು ನಾಲ್ವರೂ ನಾಲ್ಕು ದಿಕ್ಕಿನಲ್ಲಿ ನಿಂತೆವು. ಅರ್ಧ ಗಂಟೆಗೊಮ್ಮೆ ಸೀಟಿ, ಸೀಟಿಗೊಮ್ಮೆ ತಲೆ ಎಣಿಕೆ.

ಎರಡನೇ ಎಣಿಕೆಯಲ್ಲಿ 43 ಬಂತು. ಇನ್ನೊಮ್ಮೆ ಎಣಿಸಿದೆ. 43. ಆ ಹುಡುಗಿ ಇರಲಿಲ್ಲ.

ಆ ಐದಾರು ನಿಮಿಷಗಳನ್ನು ಬರೆಯುವ ಶಕ್ತಿ ನನಗಿಲ್ಲ. ಲೈಫ್‌ಗಾರ್ಡ್ ನೀರಿನ ಕಡೆ ಓಡಿದ. ನಾನು ಬಂಡೆಯಿಂದ ಬಂಡೆಗೆ ಹಾರುತ್ತ ಅವಳ ಹೆಸರು ಕೂಗಿದೆ. ನನ್ನ ಕಿವಿಯಲ್ಲಿದ್ದುದು ಒಂದೇ ಮಾತು: ಸಮುದ್ರ ಮಕ್ಕಳ್ನ ವಾಪಸ್ ಕೊಡಕಿಲ್ಲ.

ಅವಳು ಸಿಕ್ಕಿದ್ದು ನೀರಿನಿಂದ ದೂರ, ತೆಂಗಿನ ಮರಗಳ ಕಡೆಗೆ, ಎರಡು ಕಂಬಗಳ ಸಂದಿಯಲ್ಲಿ. ಕುಕ್ಕರುಗಾಲಲ್ಲಿ ಕೂತು ಕಂಬದ ಮೈಯನ್ನು ಬೆರಳಲ್ಲಿ ಸವರುತ್ತಿದ್ದಳು. ಅಲೆಯ ಸದ್ದಿಗೆ ಸೀಟಿ ಕೇಳಿಸಿರಲಿಲ್ಲ. ನಾನು ಜೋರಾಗಿಯೇ ಬೈದೆ. ಮೂವತ್ತು ವರ್ಷದಲ್ಲಿ ಯಾವ ಮಗುವನ್ನೂ ಹಾಗೆ ಬೈದಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

"ಏನ್ ಮಾಡ್ತಿದ್ದೆ ಇಲ್ಲಿ?"

"ಉಳಿ ಗುರುತು ಹುಡುಕ್ತಿದ್ದೆ ಸಾ. ಒಂದೂ ಇಲ್ಲ."

ನನ್ನ ಸಿಟ್ಟು ಅಲ್ಲಿಗೆ ನಿಂತಿತು. ಅವಳು ಅಳುತ್ತಲೇ ಹೇಳಿದಳು: "ನಮ್ಮಪ್ಪ ಕಲ್ಲ ಸೀಳೋವಾಗ ಸಾಲಾಗಿ ತೂತು ಹಾಕ್ತಾರೆ, ಬೆಣೆ ಹೊಡೀತಾರೆ. ಸೀಳಿದ ಮೇಲೂ ಅರ್ಧ ತೂತು ಕಲ್ಲಲ್ಲೇ ಕಾಣ್ತದೆ. ಇದ್ರಲ್ಲಿ ತೂತೂ ಇಲ್ಲ, ಉಳಿ ಏಟೂ ಇಲ್ಲ. ಹಂಗಾದ್ರೆ ಇದನ್ನ ಯಾರೂ ಕಡಿದಿಲ್ಲ ಅಲ್ವಾ ಸಾ?"

ನಿಸರ್ಗವೇ ಮಾಡಿದ್ದು ಎಂದು ನಾನು ಹೇಳಿದ್ದೆ. ಮಾರ್ಗದರ್ಶಿಯೂ ಹೇಳಿದ್ದ. ಉಳಿದವರು ಕೇಳಿ ನಂಬಿದ್ದರು. ಈ ಹುಡುಗಿ ಮಾತ್ರ ನಂಬುವ ಮೊದಲು ಪುರಾವೆ ಹುಡುಕಿದ್ದಳು. ಆ ಪುರಾವೆ ಏನೆಂಬುದನ್ನು ಅವಳಿಗೆ ಕಲಿಸಿದ್ದು ನಾನಲ್ಲ, ಅವಳಪ್ಪನ ಕಸುಬು.

ಎಲ್ಲ ಮಕ್ಕಳನ್ನೂ ಅಲ್ಲಿಗೇ ಕರೆಸಿದೆ. ಅವಳಿಂದಲೇ ಆ ಮಾತನ್ನು ಮತ್ತೆ ಹೇಳಿಸಿದೆ. ಆಮೇಲೆ ಕೇಳಿದೆ: "ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಮಣ್ಣು ಹೇಗಿರುತ್ತೆ?"

"ಬಿರುಕು ಬಿಟ್ಟಿರ್ತದೆ ಸಾ."

"ಬಿಲ್ಲೆ ಬಿಲ್ಲೆ ಆಗಿರ್ತದೆ ಸಾ!"

ಅಷ್ಟು ಸಾಕಾಗಿತ್ತು. ಕೆರೆಯ ಮಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ. ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ. ಕುಗ್ಗುವ ವಸ್ತುವಿಗೆ ಜಾಗ ಸಾಲದೆ ಎಳೆತ ಉಂಟಾಗಿ ಸೀಳುತ್ತದೆ. ಒಂದು ಬಿಂದುವಿನಿಂದ ಮೂರು ಬಿರುಕುಗಳು ಸಮನಾಗಿ ಹೊರಟರೆ ಅವುಗಳ ನಡುವಿನ ಕೋನ 120 ಡಿಗ್ರಿ. ಅಂಥ ಬಿರುಕುಗಳು ಒಂದನ್ನೊಂದು ಕೂಡಿದಾಗ ಆಗುವುದೇ ಜೇನುಗೂಡಿನಂತಹ ಆರು ಮೂಲೆಯ ಆಕಾರ. ಎಲ್ಲ ಕಡೆಯೂ ಒಂದೇ ಸಮ ತಣ್ಣಗಾಗುವುದಿಲ್ಲವಾದ್ದರಿಂದ ಐದು, ಏಳು ಮೂಲೆಯವೂ ಆಗುತ್ತವೆ. ಕೆರೆಯ ಮಣ್ಣು ಒಣಗುವುದು ಮೇಲಿನ ಸ್ವಲ್ಪ ಮಾತ್ರ, ಹಾಗಾಗಿ ಅದು ಬಿಲ್ಲೆ. ಲಾವಾದ ಹಾಸು ಮೇಲಿನಿಂದ ಒಳಕ್ಕೆ ತಣ್ಣಗಾಗುತ್ತ ಹೋದಂತೆ ಬಿರುಕೂ ಒಳಕ್ಕೆ ಇಳಿಯುತ್ತದೆ, ಹಾಗಾಗಿ ಇದು ಕಂಬ. ಉತ್ತರ ಐರ್ಲೆಂಡಿನ ಕಡಲ ತೀರದಲ್ಲಿ ಇಂತಹ ಸುಮಾರು 40,000 ಕಂಬಗಳಿವೆ. ಅಲ್ಲಿಯ ಜನ ಅದನ್ನು ರಾಕ್ಷಸನೊಬ್ಬ ಕಟ್ಟಿದ ದಾರಿ ಎಂದು ಕಥೆ ಹೇಳುತ್ತಿದ್ದರು. ಪ್ರಾಯಶಃ ಉಳಿಯ ಗುರುತು ಹುಡುಕುವವರು ಅಲ್ಲಿ ಇರಲಿಲ್ಲ ಎಂದಾಗ ಅವಳು ಕಣ್ಣೊರೆಸಿಕೊಂಡು ನಕ್ಕಳು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಲೆಕ್ಕ ಕೊಟ್ಟೆ. ಮಡಗಾಸ್ಕರ್ ಈಗ ಮಲ್ಪೆಯಿಂದ ಸುಮಾರು 4,000 ಕಿಲೋಮೀಟರ್ ದೂರದಲ್ಲಿದೆ. ಬೇರ್ಪಟ್ಟು 8.8 ಕೋಟಿ ವರ್ಷ. ಹಾಗಾದರೆ ವರ್ಷಕ್ಕೆ ಸರಾಸರಿ ಎಷ್ಟು ದೂರ ಸರಿದಂತಾಯಿತು? ಹಾಡು, ಅಂತ್ಯಾಕ್ಷರಿ ನಿಂತು ಪೆನ್ನುಗಳು ಹೊರಬಂದವು. ಉತ್ತರ ಸುಮಾರು ನಾಲ್ಕೂವರೆ ಸೆಂಟಿಮೀಟರ್. ನಮ್ಮ ಕೈಬೆರಳಿನ ಉಗುರು ವರ್ಷಕ್ಕೆ ಹೆಚ್ಚುಕಡಮೆ ಅಷ್ಟೇ ಬೆಳೆಯುತ್ತದೆ ಎಂದೆ. ಬಸ್ಸಿನಲ್ಲಿದ್ದವರೆಲ್ಲ ತಮ್ಮ ತಮ್ಮ ಉಗುರು ನೋಡಿಕೊಂಡರು.

ಕವಲಂದೆಯಲ್ಲಿ ಬಸ್ಸು ನಿಂತಾಗ ಆ ತಂದೆ ಎಲ್ಲರಿಗಿಂತ ಮುಂದೆ ನಿಂತಿದ್ದ. ಮಗಳನ್ನು ಅವನಿಗೆ ಒಪ್ಪಿಸುವಾಗ ದ್ವೀಪದಲ್ಲಿ ಐದು ನಿಮಿಷ ಅವಳು ಕಾಣದಿದ್ದುದನ್ನು ಮುಚ್ಚಿಡದೆ ಹೇಳಿದೆ. ಆತ ನನ್ನ ಮುಖವನ್ನೇ ನೋಡಿ, "ನೀವೇ ಹುಡ್ಕುದ್ರಲ್ಲ, ಬುಡಿ" ಎಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಇಬ್ಬಿಬ್ಬರು ಮಕ್ಕಳನ್ನು ಜೋಡಿ ಮಾಡಿ, ಒಬ್ಬರಿಗೊಬ್ಬರನ್ನು ಹೊಣೆ ಮಾಡದೆ ನಾನು ಮಕ್ಕಳನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ.

ಬೇಸಿಗೆ ಬಂತು. ಒಂದು ಸಂಜೆ ಆತ ಮನೆಗೇ ಬಂದ. ಮಗಳು ಅಪ್ಪನನ್ನು ಒಣಗಿದ ಕೆರೆಗೆ ಕರೆದೊಯ್ದು ಮಣ್ಣಿನ ಬಿಲ್ಲೆಗಳನ್ನು ತೋರಿಸಿ, ಮೂಲೆ ಎಣಿಸಿ, ಪಾಠ ಮಾಡಿದ್ದಳಂತೆ. ಜಗಲಿಯ ಮೇಲೆ ಕೂತು ಆತ ಕೇಳಿದ:

"ಅಲ್ಲ ಮೇಷ್ಟ್ರೆ, ನಾನ್ ಒಡೆಯೋ ಕರಿಕಲ್ಲೂ ಬೆಂಕಿನೀರಂಗೆ ಇದ್ದು ತಣ್ಣಗಾದದ್ದೇ ಅಂತಾಳೆ ಮಗಳು. ಅಂಗಾದ್ರೆ ಅದ್ಯಾಕೆ ಕಂಬ ಕಂಬ ಆಗಿಲ್ಲ?"

ಒಳ್ಳೆಯ ಪ್ರಶ್ನೆ. ಅವಳು ಹೇಳಿದ್ದು ನಿಜ. ಕರಿಕಲ್ಲು ಕೂಡ ಶಿಲಾರಸವೇ. ಆದರೆ ಅದು ನೆಲದ ಮೇಲೆ ಹರಿಯದೆ ಆಳದಲ್ಲಿ ಹಳೆಯ ಬಂಡೆಗಳ ಸೀಳಿನೊಳಗೆ ನುಗ್ಗಿ, ಅಲ್ಲೇ ನಿಧಾನವಾಗಿ ತಣ್ಣಗಾಯಿತು. ನಿಧಾನವಾಗಿ ಆರಿದ ಕಡೆ ಬಿರುಕುಗಳು ದೂರದೂರ. ಅದಕ್ಕೇ ಅಲ್ಲಿ ದೊಡ್ಡ ದೊಡ್ಡ ದಿಮ್ಮಿಗಳು ಅಖಂಡವಾಗಿ ಸಿಗುತ್ತವೆ, ಅದಕ್ಕೇ ಆ ಕಲ್ಲಿಗೆ ಬೆಲೆ, ಅದಕ್ಕೇ ಅವನಿಗೆ ಕೆಲಸ. ಅದು ನುಗ್ಗಿದ ನಮ್ಮ ಸೀಮೆಯ ಬಂಡೆಗಳಂತೂ 250 ಕೋಟಿ ವರ್ಷಕ್ಕೂ ಹಿಂದಿನವು. ಅವುಗಳ ಮುಂದೆ ಮಲ್ಪೆಯ ದ್ವೀಪ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಇದನ್ನೆಲ್ಲ ಹೇಳಿದಾಗ ಆತ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡ.

"ಅಷ್ಟ್ ಹಳೇದಾ ನಾನ್ ಒಡೀತಿರೋದು?"

ಕಲ್ಲು ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಿದ್ದನಲ್ಲ, ಅದಕ್ಕೆ ನನಗೆ ಉತ್ತರ ಸಿಕ್ಕಿದ್ದು ಆಗ. ನಮ್ಮ ಊರಿನ ಕಲ್ಲು ನಮ್ಮ ಕಣ್ಣಿಗೆ ಬೀಳಲಿ ಎಂದು. ತಂದೆತಾಯಿಯರೇ, ಪ್ರವಾಸದಿಂದ ಬಂದ ಮಗುವನ್ನು ಫೋಟೋ ಎಲ್ಲಿ ಎಂದು ಕೇಳುವ ಮೊದಲು, ಏನು ಹುಡುಕಿದೆ ಎಂದು ಕೇಳಿ ನೋಡಿ. ಆ ಹುಡುಗಿ ಈಗ ಪ್ರತಿ ವಾರ ನನಗೊಂದು ಪ್ರಶ್ನೆ ತರುತ್ತಾಳೆ. ಅದರಲ್ಲಿ ಅರ್ಧ ಅವಳವು, ಇನ್ನರ್ಧ ಅವಳಪ್ಪನವು.