ಖರೇ ನಗೆಯ ಸೀಮೆ

ಯಾದಗಿರಿಯ ಕೋಟೆಯನ್ನು ಬೆನ್ನಿಗೆ ಬಿಟ್ಟು ಭೀಮೆಯನ್ನು ದಾಟಿದ ಪ್ರವಾಸಿಗೆ ಶಹಾಪುರ ಸಮೀಪಿಸಿದಂತೆ ನಾಲ್ಕು ಗುಡ್ಡಗಳು ಕೂಡಿ ಮಲಗಿದ ಬುದ್ಧನಾಗಿ ತೋರುತ್ತವೆ. ಅಲ್ಲಿಂದ ನಾಯಕರ ಸುರಪುರದವರೆಗೆ ಕಣ್ಣಿಗೆ ಬಂಡೆಗಲ್ಲು, ಕಿವಿಗೆ ಬೇರೆಯೇ ಒಂದು ಕನ್ನಡ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಾಡಿನ ಮಾತಿದು. ಉರ್ದು, ಮರಾಠಿಗಳ ಬೆರಕೆಯಿದೆ. ಬೇಗ ಎಂಬುದು ‘ಜಲ್ದಿ’, ನಿಜವೆಂಬುದು ‘ಖರೇ’.

ಈ ಮಾತು ಕೇಳಿ ಬೆಂಗಳೂರಿನವರು ಬಹುಕಾಲ ನಕ್ಕರು. ಆ ನಗೆಯಲ್ಲಿ ತುಸು ತಾತ್ಸಾರವೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೃಷ್ಣೆಯಾಚೆ, ಅದೇ ನಿಜಾಮ ಸೀಮೆಯ ಗಂಗಾವತಿಯ ಪ್ರಾಣೇಶರು ಆ ನಗೆಯ ದಿಕ್ಕನ್ನೇ ತಿರುಗಿಸಿದರು. ಬೀಚಿಯವರ (1913–1980) ಹಾಸ್ಯವನ್ನು ನೆಚ್ಚಿ ವೇದಿಕೆಯೇರಿದ ಅವರಿಗೆ ವೇಷ ಬೇಡ, ಪರದೆ ಬೇಡ. ತಮ್ಮವರನ್ನು ತಮ್ಮ ಮಾತಿನಲ್ಲೇ ಚೇಷ್ಟೆ ಮಾಡಿದರು. ಧ್ವನಿಸುರುಳಿ, ಸಿ.ಡಿ., ಆಮೇಲೆ ಯೂಟ್ಯೂಬ್ ಏರಿ ಆ ಮಾತು ಬೆಂಗಳೂರಿನ ನಡುಮನೆಯನ್ನೂ ಹೊಕ್ಕಿತು.

ಪರರು ನಗುವ ಮುನ್ನ ತಾನೇ ನಗಿಸುವ ಈ ಜಾಣ್ಮೆಯನ್ನು ಡೆನ್ಮಾರ್ಕಿನವರೂ ಬಲ್ಲರು. 1909ರಲ್ಲಿ ಕೋಪನ್‌ಹೇಗನ್ನಿನಲ್ಲಿ ಜನಿಸಿದ ಪಿಯಾನೋವಾದಕ ವಿಕ್ಟರ್ ಬೋರ್ಗೆ 1940ರಲ್ಲಿ ಅಮೆರಿಕ ಸೇರಿದಾಗ ಅವರಿಗೆ ಇಂಗ್ಲಿಷ್ ಬಾರದು. ಕಲಿತೊಡನೆ ಆ ಭಾಷೆಯನ್ನೇ ಆಟಕ್ಕೆಳೆದರು: ಅಲ್ಪವಿರಾಮಕ್ಕೊಂದು, ಪೂರ್ಣವಿರಾಮಕ್ಕೊಂದು ಬಾಯಿಸದ್ದು ಮಾಡುತ್ತ ಓದುವ ಅವರ ಪರಿ ಹೆಸರಾಯಿತು. 1953–56ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರೇ ನಿಂತು 849 ಪ್ರಯೋಗ ನಡೆಸಿದರು.

ಚಿತ್ರೀಕರಿಸಿದ ಹಾಸ್ಯದಲ್ಲೊಂದು ಲಾಭವುಂಟು. ಕ್ಯಾಮೆರಾ ಆಗಾಗ ಸಭೆಯತ್ತ ಹೊರಳುತ್ತದೆ. ಅಲ್ಲಿ ಮುಂದಿನ ಸಾಲಿನ ಗಣ್ಯರು ಗಾಂಭೀರ್ಯ ಕಾಪಾಡಲು ಹೆಣಗುತ್ತಿರುತ್ತಾರೆ. ಹಿಂದೆ, ಬಾಯಿಗೆ ಸೆರಗು ಒತ್ತಿಕೊಂಡ ತಾಯಂದಿರು ಎಂದೋ ಸೋತುಬಿಟ್ಟಿರುತ್ತಾರೆ.